ಗ್ರಂಥಾಲಯಕ್ಕೆ ಜನರನ್ನು ಕರೆತಂದವರು

1924ನೆಯ ಇಸವಿಯ ಜನವರಿ ತಿಂಗಳಲ್ಲಿ ಮದರಾಸು ವಿಶ್ವವಿದ್ಯಾನಿಲಯದ ಗ್ರಂಥಪಾಲರಾಗಿ ಅಧಿಕಾರ ವಹಿಸಿಕೊಂಡ ಒಬ್ಬ ಗಣಿತಾಧ್ಯಾಪಕರು ಕೆಲವೇ ವಾರಗಳಲ್ಲಿ ಆ ಹುದ್ದೆಯನ್ನು ಬಿಟ್ಟು ಹೋಗಲು ಹಾತೊರೆದರು. ಆಗ ಅವರಿಗೆ 31 ವರ್ಷ. ಸಂಬಳ ಕಡಿಮೆಯೆಂದು ಬೇಸರವಾಗಿರಲಿಲ್ಲ. ಅಧ್ಯಾಪಕ ವೃತ್ತಿಯಲ್ಲಿ ಬರುತ್ತಿದ್ದುದಕ್ಕಿಂತ ಅದು ಹೆಚ್ಚಾಗಿಯೇ ಇತ್ತು. ಕೆಲಸದ ಹೊರೆಯೂ ಇರಲಿಲ್ಲ. ಸುತ್ತಲೂ ಪುಸ್ತಕಗಳಿದ್ದುವು, ಮಾತನಾಡಿಸಲು ಮನುಷ್ಯರಿರಲಿಲ್ಲ. ತರಗತಿಯಲ್ಲಿ ಹುಡುಗರ ಪ್ರಶ್ನೆಗಳ ನಡುವೆ ಬದುಕಿದ್ದವರಿಗೆ ಆ ಏಕಾಂತ ಸೆರೆಮನೆಯಾಯಿತು. ಅವರು ಹಿಂದಿರುಗಿ ಹೋಗಿ, ತಮಗೆ ಗಣಿತದ ತರಗತಿಯನ್ನೇ ಮರಳಿ ಕೊಡಬೇಕೆಂದು ಬೇಡಿಕೊಂಡರು.

ಆ ಅಧ್ಯಾಪಕರೇ ಶಿಯಾಳಿ ರಾಮಾಮೃತ ರಂಗನಾಥನ್. ಮುಂದೆ ಭಾರತದ ಗ್ರಂಥಾಲಯ ಶಾಸ್ತ್ರಕ್ಕೆ ಪಿತಾಮಹರೆನಿಸಿಕೊಂಡವರು. ಅವರ ಜನ್ಮದಿನವೆಂದು ಆಗಸ್ಟ್ 12ನ್ನು ನಮ್ಮ ದೇಶದಲ್ಲಿ ಗ್ರಂಥಪಾಲಕರ ದಿನವನ್ನಾಗಿ ಆಚರಿಸುತ್ತಾರೆ. ಗ್ರಂಥಾಲಯಗಳಲ್ಲಿ ಅವರ ಭಾವಚಿತ್ರಕ್ಕೆ ಹೂಮಾಲೆ ಬೀಳುತ್ತದೆ. ಅವರನ್ನು ಬಲ್ಲವರು ಬಹುಮಟ್ಟಿಗೆ ಬಲ್ಲುದು ಅವರು ರೂಪಿಸಿದ ದ್ವಿಬಿಂದು ವರ್ಗೀಕರಣ ಪದ್ಧತಿಯ ಮೂಲಕ. ನಾನು ಗ್ರಂಥಾಲಯ ಶಾಸ್ತ್ರವನ್ನು ಅಭ್ಯಾಸ ಮಾಡಿದವನಲ್ಲ, ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವವನು. ಆ ಪದ್ಧತಿಯ ಗುಣದೋಷಗಳನ್ನು ತೂಗುವ ಅಧಿಕಾರ ನನಗಿಲ್ಲ. ನನ್ನ ಮನಸ್ಸನ್ನು ಹಿಡಿದು ನಿಲ್ಲಿಸಿದುದು ಬೇರೊಂದು ಸಂಗತಿ. ಜನರಿಲ್ಲವೆಂಬ ಕಾರಣಕ್ಕಾಗಿ ಗ್ರಂಥಾಲಯದಿಂದ ಓಡಲು ಬಯಸಿದ ಮನುಷ್ಯನು ತನ್ನ ಮುಂದಿನ 48 ವರ್ಷಗಳನ್ನು ಗ್ರಂಥಾಲಯಕ್ಕೆ ಜನರನ್ನು ಕರೆತರುವುದರಲ್ಲಿ ಕಳೆದನು. ಅವರ ಬಾಳಿನ ಉಳಿದೆಲ್ಲ ಸಾಧನೆಗಳೂ ಈ ಒಂದು ಸಂಗತಿಯ ಸುತ್ತ ಹೆಣೆದುಕೊಂಡಿವೆಯೆಂದು ನನಗೆ ತೋರುತ್ತದೆ.

ರಂಗನಾಥನ್ನರು ಹುಟ್ಟಿದುದು 1892ರ ಆಗಸ್ಟ್ ತಿಂಗಳಲ್ಲಿ, ತಂಜಾವೂರು ಸೀಮೆಯ ಶಿಯಾಳಿಯಲ್ಲಿ. ಆ ಊರನ್ನು ಈಗ ಶೀರ್ಕಾಳಿ ಎನ್ನುತ್ತಾರೆ. ತಂದೆ ರಾಮಾಮೃತ ಅಯ್ಯರ್ ಅಲ್ಪಸ್ವಲ್ಪ ಜಮೀನುಳ್ಳ ಗೃಹಸ್ಥರು, ಓದಿದವರು. ನೆರೆಹೊರೆಯ ರಸಿಕರನ್ನು ಕೂಡಿಸಿಕೊಂಡು ರಾಮಾಯಣವನ್ನು ವಿವರಿಸಿ ಹೇಳುವುದು ಅವರ ವಾಡಿಕೆಯಾಗಿತ್ತು. 1898ರಲ್ಲಿ, ಇನ್ನೂ ಮೂವತ್ತರ ಪ್ರಾಯದಲ್ಲಿಯೇ, ಅವರು ತೀರಿಕೊಂಡರು. ಮಗನಿಗೆ ಆಗ ಆರು ತುಂಬಿರಲಿಲ್ಲ. ತಂದೆಯ ನೆನಪು ಆ ಮಗುವಿನಲ್ಲಿ ಎಷ್ಟು ಉಳಿದಿದ್ದೀತು! ಆದರೆ ಒಂದು ಪುಸ್ತಕದ ಸುತ್ತ ಹತ್ತು ಮಂದಿ ಕುಳಿತು ಆಲಿಸುವ ಮನೆಯಲ್ಲಿ ಆ ಮಗು ಕಣ್ತೆರೆಯಿತೆಂಬುದನ್ನು ಮರೆಯುವಂತಿಲ್ಲ.

ಕನ್ನಡದ ಓದುಗರಿಗೆ ಈ ಚಿತ್ರವನ್ನು ಬಿಡಿಸಿ ಹೇಳಬೇಕಾಗಿಲ್ಲ. ಕುಮಾರವ್ಯಾಸನ ಭಾರತವೂ ಲಕ್ಷ್ಮೀಶನ ಜೈಮಿನಿ ಭಾರತವೂ ನೂರಾರು ವರ್ಷ ನಮ್ಮ ಜನರನ್ನು ಮುಟ್ಟಿದುದು ಹೀಗೆಯೇ ಅಲ್ಲವೆ? ಜಗಲಿಯ ಮೇಲೋ ದೇವಸ್ಥಾನದ ಪ್ರಾಂಗಣದಲ್ಲೋ ದೀಪದ ಮುಂದೆ ಒಬ್ಬರು ರಾಗವಾಗಿ ಓದುವರು. ಇನ್ನೊಬ್ಬರು ಅರ್ಥ ಬಿಡಿಸುವರು. ಹೊಲದಿಂದ ಬಂದವರು ಕಂಬಕ್ಕೆ ಒರಗಿ ಕೇಳುವರು. ಆ ಕೇಳುಗರಲ್ಲಿ ಅಕ್ಷರ ಬಲ್ಲವರು ಎಷ್ಟೋ ಕಡಿಮೆ. ಆದರೂ ಕಾವ್ಯ ಅವರದಾಯಿತು. ಅಚ್ಚಿನ ಪುಸ್ತಕ ಬಂದು, ಮೌನವಾಗಿ ಒಬ್ಬೊಬ್ಬರೇ ಓದುವ ಅಭ್ಯಾಸ ಬೆಳೆದ ಮೇಲೆ, ಓದು ಬಲ್ಲವನಿಗೆ ಲಾಭವಾಯಿತು. ಓದು ಬಾರದವನು ಜಗಲಿಯ ಕೆಳಗೆ ಉಳಿದನು. ಈ ನಷ್ಟವನ್ನು ತುಂಬಬೇಕಾದ ಸ್ಥಳ ಯಾವುದು ಎಂಬ ಪ್ರಶ್ನೆಗೆ ಶಿಯಾಳಿಯ ಆ ಹುಡುಗ ಮುಂದೆ ಉತ್ತರ ಹುಡುಕಬೇಕಾಗಿತ್ತು.

ಊರಿನ ಹಿಂದೂ ಹೈಸ್ಕೂಲಿನಲ್ಲಿ ಓದು ಮುಗಿಸಿ ರಂಗನಾಥನ್ನರು ಮದರಾಸಿನ ಕ್ರಿಶ್ಚಿಯನ್ ಕಾಲೇಜು ಸೇರಿದರು. ಅಲ್ಲಿ ಗಣಿತದ ಪ್ರೊಫೆಸರಾಗಿದ್ದವರು ಎಡ್ವರ್ಡ್ ಬಿ. ರಾಸ್. ಶಿಷ್ಯನ ಮೇಲೆ ಅವರಿಗೆ ಅಪಾರ ವಾತ್ಸಲ್ಯ. ಗುರುವಿನ ಮೇಲೆ ಶಿಷ್ಯನಿಗೆ ಕಡೆಯವರೆಗೂ ಭಕ್ತಿ. 1916ರಲ್ಲಿ ಗಣಿತದ ಎಂ.ಎ. ಪದವಿ ದೊರೆಯಿತು. ಮರುವರ್ಷ ಸೈದಾಪೇಟೆಯ ಶಿಕ್ಷಕರ ಕಾಲೇಜಿನಲ್ಲಿ ಅಧ್ಯಾಪನದ ತರಬೇತಿ ಮುಗಿಯಿತು. ಮಾತಿನಲ್ಲಿ ತೊದಲಿದ್ದ ತರುಣನೊಬ್ಬ ಮಾತಿನಿಂದಲೇ ಬದುಕಬೇಕಾದ ವೃತ್ತಿಯನ್ನು ಆರಿಸಿಕೊಂಡನು. ಆ ತೊದಲನ್ನು ಅವರು ತಮ್ಮ ಪ್ರಯತ್ನದಿಂದಲೇ ಗೆದ್ದರು.

ಅವರ ಮೊದಲ ಕೆಲಸ ನಮ್ಮ ನಾಡಿನಲ್ಲಿಯೇ ದೊರೆಯಿತೆಂಬುದು ಬಹುಮಂದಿಗೆ ತಿಳಿಯದು. 1917ರಲ್ಲಿ ಅವರು ಮಂಗಳೂರಿನ ಸರ್ಕಾರಿ ಕಾಲೇಜಿಗೆ ಅಧ್ಯಾಪಕರಾಗಿ ಬಂದರು. ಮಂಗಳೂರು ಆಗ ಮದರಾಸು ಪ್ರಾಂತಕ್ಕೆ ಸೇರಿತ್ತು. ಅಲ್ಲಿಂದ ಕೊಯಮತ್ತೂರಿಗೂ, 1921ರಲ್ಲಿ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿಗೂ ವರ್ಗವಾಯಿತು. ಪಾಠ ಹೇಳುವುದರಲ್ಲಿ ಅವರದು ಅಂದಿನ ಪದ್ಧತಿಗೆ ಹೊರತಾದ ದಾರಿ. ಅಧ್ಯಾಪಕನು ಒಂದೇ ಸಮನೆ ಹೇಳುತ್ತ ಹೋಗುವುದು, ವಿದ್ಯಾರ್ಥಿಗಳು ತಲೆ ಬಗ್ಗಿಸಿ ಬರೆದುಕೊಳ್ಳುವುದು ಅವರಿಗೆ ಒಗ್ಗಲಿಲ್ಲ. ಸಮಸ್ಯೆಯನ್ನು ಮುಂದಿಟ್ಟು, ಪುಸ್ತಕಗಳ ಕಡೆಗೆ ಬೆರಳು ತೋರಿಸಿ, ಹುಡುಗರೇ ಹುಡುಕಿ ತಂದುದನ್ನು ತರಗತಿಯಲ್ಲಿ ಚರ್ಚೆಗೆ ಎತ್ತಿಕೊಳ್ಳುವುದು ಅವರಿಗೆ ಪ್ರಿಯವಾಗಿತ್ತು. ಇಂದು ನಾವು ಕಮ್ಮಟವೆಂದು ಕರೆಯುವ ಕ್ರಮದ ತಿರುಳು ಇದೇ. ಅವರಿಗೆ ಗೊತ್ತಿಲ್ಲದಂತೆಯೇ ಅವರು ಆಗಲೇ ಗ್ರಂಥಪಾಲರ ಕೆಲಸವನ್ನು ಅರ್ಧ ಮಾಡುತ್ತಿದ್ದರು.

ಮದರಾಸು ವಿಶ್ವವಿದ್ಯಾನಿಲಯ 1923ರಲ್ಲಿ ಗ್ರಂಥಪಾಲರ ಹುದ್ದೆಯೊಂದನ್ನು ಸೃಷ್ಟಿಸಿತು. ಸುಮಾರು 900 ಅರ್ಜಿಗಳು ಬಂದುವಂತೆ. ಗ್ರಂಥಾಲಯದ ತರಬೇತಿ ಪಡೆದವರು ಅವರಲ್ಲಿ ಒಬ್ಬರೂ ಇರಲಿಲ್ಲ. ಸಂಶೋಧನೆಯ ಅನುಭವ ಬೇಕೆಂದಿತ್ತು. ರಂಗನಾಥನ್ನರು ಗಣಿತದ ಇತಿಹಾಸವನ್ನು ಕುರಿತು ಕೆಲವು ಪ್ರಬಂಧಗಳನ್ನು ಬರೆದಿದ್ದರು. ಗೆಳೆಯರ ಒತ್ತಾಯಕ್ಕೆ ಅರ್ಜಿ ಹಾಕಿ ಮರೆತೂಬಿಟ್ಟಿದ್ದರು. ಸಂದರ್ಶನಕ್ಕೆ ಕರೆ ಬಂದಾಗ, ಗ್ರಂಥಾಲಯವೆಂದರೇನೆಂದು ಬ್ರಿಟಾನಿಕ ವಿಶ್ವಕೋಶದಲ್ಲಿ ನೋಡಿಕೊಂಡು ಹೋದರು. ಹುದ್ದೆ ದೊರೆಯಿತು. ಅದರ ಹಿಂದೆಯೇ, ಮೊದಲು ಹೇಳಿದ ಬೇಸರವೂ ಬಂದಿತು.

ಅವರ ಮೊರೆಯನ್ನು ಕೇಳಿದ ಹಿರಿಯರು ಒಂದು ಉಪಾಯ ಮಾಡಿದರು. ಲಂಡನ್ನಿಗೆ ಹೋಗಿ ಅಲ್ಲಿಯ ಗ್ರಂಥಾಲಯಗಳನ್ನು ನೋಡಿ ಬರುವುದು. ಹಿಂದಿರುಗಿದ ಮೇಲೆಯೂ ಈ ವೃತ್ತಿ ಬೇಡವೆನಿಸಿದರೆ ಗಣಿತದ ಅಧ್ಯಾಪಕ ಹುದ್ದೆ ಅವರಿಗಾಗಿ ಕಾದಿರುತ್ತದೆ. ಈ ಕರಾರಿನ ಮೇಲೆ ರಂಗನಾಥನ್ನರು ಹಡಗು ಹತ್ತಿದರು.

ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಅವರಿಗೆ ವರ್ಗೀಕರಣ ಕಲಿಸಿದವರು ಡಬ್ಲ್ಯು. ಸಿ. ಬರ್ವಿಕ್ ಸೇಯರ್ಸ್. ಅವರು ಕ್ರಾಯ್ಡನ್ ಪಟ್ಟಣದ ಸಾರ್ವಜನಿಕ ಗ್ರಂಥಾಲಯದ ಮುಖ್ಯಸ್ಥರೂ ಆಗಿದ್ದರು. ಮುಂದೆ 1932ರಲ್ಲಿ ಮಕ್ಕಳ ಗ್ರಂಥಾಲಯಗಳನ್ನು ಕುರಿತು ಒಂದು ಕೈಪಿಡಿಯನ್ನು ಪ್ರಕಟಿಸಿದವರು ಇದೇ ಸೇಯರ್ಸ್. ಅವರ ನೆರವಿನಿಂದ ರಂಗನಾಥನ್ನರು ನೂರಕ್ಕೂ ಹೆಚ್ಚು ಗ್ರಂಥಾಲಯಗಳನ್ನು ಸುತ್ತಿ ನೋಡಿದರು. ಸೆಲ್ಫ್ರಿಜ್ ಅಂಗಡಿಯಲ್ಲಿ ಮೆಕ್ಯಾನೊ ಎಂಬ ಆಟದ ಸಾಮಾನನ್ನು ಕಂಡು, ಬಿಡಿ ಪಟ್ಟಿಗಳನ್ನು ಜೋಡಿಸಿ ಬಗೆಬಗೆಯ ವಸ್ತುಗಳನ್ನು ಮಾಡುವಂತೆ ವಿಷಯಗಳನ್ನೂ ಜೋಡಿಸಬಹುದೆಂದು ಅವರಿಗೆ ಹೊಳೆದ ಕಥೆ ಪ್ರಸಿದ್ಧವಾಗಿದೆ. ದ್ವಿಬಿಂದು ಪದ್ಧತಿಯ ಬೀಜ ಅದು. ಆದರೆ ಮೆಕ್ಯಾನೊ ಅವರಿಗೆ ಒಂದು ಉಪಕರಣವನ್ನು ಕೊಟ್ಟಿತು; ಕಾಯಕವನ್ನು ಕೊಟ್ಟುದು ಇಂಗ್ಲೆಂಡಿನ ಸಾರ್ವಜನಿಕ ಗ್ರಂಥಾಲಯಗಳು. ಕಾರ್ಖಾನೆಯ ಕೆಲಸಗಾರನೂ ಗೃಹಿಣಿಯೂ ಶಾಲೆಯ ಹುಡುಗನೂ ಒಂದೇ ಬಾಗಿಲಿನಿಂದ ಒಳಗೆ ಬರುವುದನ್ನು ಅವರು ಅಲ್ಲಿ ಕಂಡರು. ತಾವು ಮದರಾಸಿನಲ್ಲಿ ಬಿಟ್ಟುಬಂದಿದ್ದ ನಿರ್ಜನ ಕೋಣೆಗೂ ಇದಕ್ಕೂ ಹೆಸರೊಂದೇ, ವಸ್ತು ಬೇರೆ. 1925ರಲ್ಲಿ ಹಿಂದಿರುಗುವಾಗ ಗಣಿತದ ಹುದ್ದೆಯ ಮಾತು ಅವರ ಮನಸ್ಸಿನಲ್ಲಿ ಉಳಿದಿರಲಿಲ್ಲ.

ಮದರಾಸಿನಲ್ಲಿ ಅವರು ಮಾಡಿದ ಮೊದಲ ಕೆಲಸಗಳು ಸಾಮಾನ್ಯವೆಂದು ಇಂದು ತೋರಬಹುದು. ಕಪಾಟುಗಳ ಹತ್ತಿರಕ್ಕೆ ಓದುಗರು ತಾವೇ ಹೋಗಿ ಪುಸ್ತಕ ಮುಟ್ಟಿ ನೋಡುವಂತೆ ಮಾಡಿದರು. ಗ್ರಂಥಾಲಯ ತೆರೆದಿರುವ ವೇಳೆಯನ್ನು ಹೆಚ್ಚಿಸಿದರು. ರಜೆಯ ದಿನಗಳಲ್ಲಿಯೂ ಬಾಗಿಲು ತೆಗೆಯಿಸಿದರು. ಬಂದವನು ಏನು ಕೇಳಬೇಕೆಂದು ತಿಳಿಯದೆ ನಿಂತಾಗ ಅವನ ಬಳಿ ನಿಂತು ವಿಚಾರಿಸಿ ಬೇಕಾದುದನ್ನು ಹುಡುಕಿಕೊಡುವ ಸಿಬ್ಬಂದಿಯನ್ನು ಸಿದ್ಧಪಡಿಸಿದರು. ಅಂದಿನ ದೃಷ್ಟಿಯಲ್ಲಿ ಪುಸ್ತಕವೆಂದರೆ ಲೆಕ್ಕ ಒಪ್ಪಿಸಬೇಕಾದ ಆಸ್ತಿ; ಓದುಗನೆಂದರೆ ಆ ಆಸ್ತಿಗೆ ಅಪಾಯ ತರುವವನು. ಈ ದೃಷ್ಟಿಯನ್ನು ತಲೆಕೆಳಗು ಮಾಡುವುದು ಸುಲಭದ ಮಾತಾಗಿರಲಿಲ್ಲ. ಇಪ್ಪತ್ತು ವರ್ಷ ಅವರು ರಜೆಯೆಂಬುದನ್ನು ತೆಗೆದುಕೊಳ್ಳಲಿಲ್ಲವೆಂದು ಹೇಳುತ್ತಾರೆ. ಮೊದಲ ಪತ್ನಿ ರುಕ್ಮಿಣಿಯವರು 1928ರಲ್ಲಿ ತೀರಿಕೊಂಡರು. ಮರುವರ್ಷ ಶಾರದಾ ಅವರೊಡನೆ ವಿವಾಹವಾಯಿತು. ಮದುವೆಯ ದಿನ ಮಧ್ಯಾಹ್ನವೂ ರಂಗನಾಥನ್ನರು ಗ್ರಂಥಾಲಯದ ಕೆಲಸಕ್ಕೆ ಹಾಜರಾದರೆಂಬ ಮಾತು ಪ್ರಸಿದ್ಧ. ಇಂಥ ದುಡಿಮೆಯನ್ನು ಮೆಚ್ಚುವವರು ಮೆಚ್ಚಲಿ. ಆ ಮನೆಯವರ ಪಾಲಿಗೆ ಅದು ಎಂಥದಾಗಿತ್ತೆಂದು ನಾನು ಒಮ್ಮೊಮ್ಮೆ ಯೋಚಿಸುವುದುಂಟು. ಒಂದು ಕಾರ್ಯಕ್ಕೆ ತಮ್ಮನ್ನು ಪೂರ್ತಿಯಾಗಿ ತೆತ್ತುಕೊಂಡವರ ಬಳಿಯಿರುವವರೂ ಕೂಡ ಅದರ ಬೆಲೆಯನ್ನು ತೆರುತ್ತಾರೆ.

ತಾವು ಮಾಡುತ್ತಿರುವ ನೂರು ಕೆಲಸಗಳ ಹಿಂದೆ ಯಾವುದಾದರೂ ಮೂಲತತ್ತ್ವವಿದೆಯೆ ಎಂದು ಗಣಿತಜ್ಞರ ಮನಸ್ಸು ಹುಡುಕುತ್ತಿತ್ತು. 1928ರಲ್ಲಿ ಒಂದು ಸಂಜೆ ಗುರು ರಾಸ್ ಅವರು ಬಂದಾಗ ಶಿಷ್ಯರು ತಮ್ಮ ತೊಡಕನ್ನು ಹೇಳಿಕೊಂಡರು. ಮೊದಲನೆಯ ಸೂತ್ರ ಗುರುವಿನ ಬಾಯಿಂದಲೇ ಬಂದಿತು: ಪುಸ್ತಕ ಇರುವುದು ಬಳಕೆಗಾಗಿ ಎಂಬುದು ಅದರ ತಾತ್ಪರ್ಯ. ಉಳಿದುವು ಅದರ ಹಿಂದೆ ತಾವಾಗಿ ಸಾಲುಗೊಂಡುವು. ಪ್ರತಿಯೊಬ್ಬ ಓದುಗನಿಗೂ ಅವನಿಗೆ ತಕ್ಕ ಪುಸ್ತಕ ದೊರೆಯಬೇಕೆಂಬುದು ಎರಡನೆಯದು; ಪ್ರತಿಯೊಂದು ಪುಸ್ತಕಕ್ಕೂ ತಕ್ಕ ಓದುಗ ದೊರೆಯಬೇಕೆಂಬುದು ಮೂರನೆಯದು; ಓದುಗನ ಕಾಲ ವ್ಯರ್ಥವಾಗಬಾರದೆಂಬುದು ನಾಲ್ಕನೆಯದು; ಗ್ರಂಥಾಲಯ ಬೆಳೆಯುವ ಜೀವಿಯೆಂಬುದು ಐದನೆಯದು. ಈ ಪಂಚಸೂತ್ರಗಳ ಗ್ರಂಥ 1931ರಲ್ಲಿ ಮದರಾಸು ಗ್ರಂಥಾಲಯ ಸಂಘದಿಂದ ಪ್ರಕಟವಾಯಿತು. ಆ ಸಂಘವನ್ನು 1928ರಲ್ಲಿ ಕಟ್ಟಿದವರಲ್ಲಿ ರಂಗನಾಥನ್ನರೇ ಪ್ರಮುಖರು. ಅದರ ಕಾರ್ಯದರ್ಶಿಯೂ ಅವರೇ.

ಈ ಸೂತ್ರಗಳು ಎಷ್ಟು ಸರಳವೆಂದರೆ ಮೊದಲ ನೋಟಕ್ಕೆ ಇದರಲ್ಲಿ ಹೊಸತೇನು ಎನಿಸುತ್ತದೆ. ಅವುಗಳ ಬಲ ತಿಳಿಯುವುದು ಅವುಗಳನ್ನು ಪಾಲಿಸಹೊರಟಾಗ. ಪ್ರತಿಯೊಬ್ಬ ಓದುಗ ಎಂದಾಗ ಅದರಲ್ಲಿ ಯಾರು ಸೇರಿದರು? ಶ್ರೀಮಂತನೂ ಬಡವನೂ, ಗಂಡಸೂ ಹೆಂಗಸೂ, ಪಟ್ಟಣದವನೂ ಹಳ್ಳಿಯವನೂ, ದೊಡ್ಡವನೂ ಮಗುವೂ, ಆಸ್ಪತ್ರೆಯ ರೋಗಿಯೂ ಸೆರೆಮನೆಯ ಬಂದಿಯೂ ಕಣ್ಣು ಕಾಣದವನೂ ಹಡಗಿನ ನಾವಿಕನೂ ಸೇರಿದರು. ಇವರೆಲ್ಲರನ್ನೂ ರಂಗನಾಥನ್ನರು ಒಬ್ಬೊಬ್ಬರಾಗಿ ಎತ್ತಿಕೊಂಡು, ಅವರವರ ಪುಸ್ತಕದ ಹಕ್ಕಿಗಾಗಿ ವಾದಿಸಿದರು. ಹೆಂಗಸರ ಓದನ್ನು ಅನುಮಾನದಿಂದ ನೋಡುತ್ತಿದ್ದ, ಹಳ್ಳಿಯವನಿಗೆ ಪುಸ್ತಕವೇಕೆಂದು ಕೇಳುತ್ತಿದ್ದ ಕಾಲದಲ್ಲಿ ಆಡಿದ ಮಾತು ಅದು. ಮೂರನೆಯ ಸೂತ್ರವಂತೂ ಗ್ರಂಥಪಾಲನನ್ನು ಕುರ್ಚಿಯಿಂದ ಎಬ್ಬಿಸುತ್ತದೆ. ಪುಸ್ತಕಕ್ಕೆ ಬಾಯಿಲ್ಲ; ಅದು ತಾನಾಗಿ ಓದುಗನನ್ನು ಕರೆಯಲಾರದು. ಆದುದರಿಂದ ಅದರ ಪರವಾಗಿ ಯಾರಾದರೂ ಕರೆಯಬೇಕು. ವಾಚನ ಗೋಷ್ಠಿ, ಉಪನ್ಯಾಸ, ಮಕ್ಕಳಿಗೆ ಕಥೆ ಹೇಳುವ ವೇಳೆ, ಪ್ರದರ್ಶನ, ಓದು ಬಾರದವರಿಗೆ ಗಟ್ಟಿಯಾಗಿ ಓದಿ ಹೇಳುವುದು, ಇವೆಲ್ಲ ಅವರ ದೃಷ್ಟಿಯಲ್ಲಿ ಗ್ರಂಥಾಲಯದ ಸಹಜವಾದ ಕರ್ತವ್ಯಗಳು, ವಾರ್ಷಿಕೋತ್ಸವದ ಅಲಂಕಾರಗಳಲ್ಲ. ರಾಮಾಮೃತ ಅಯ್ಯರ್ ಅವರ ಮನೆಯಲ್ಲಿ ನಿಂತುಹೋಗಿದ್ದ ಪ್ರವಚನ ಮಗನ ಶಾಸ್ತ್ರದಲ್ಲಿ ಮತ್ತೆ ಮೊದಲಾಯಿತೆಂದರೆ ಅತಿಶಯೋಕ್ತಿಯಾಗಲಾರದು.

ಗ್ರಂಥ ಪ್ರಕಟವಾದ ವರ್ಷವೇ ಮನ್ನಾರ್ಗುಡಿಯಲ್ಲಿ ಒಂದು ವಿಶೇಷ ಕಾರ್ಯ ನಡೆಯಿತು. ಎಸ್. ವಿ. ಕನಕಸಭೈ ಪಿಳ್ಳೆ ಎಂಬ ಎಂಜಿನಿಯರರು ಒಂದು ಎತ್ತಿನ ಗಾಡಿಯನ್ನು ಪುಸ್ತಕದ ಗೂಡುಗಳುಳ್ಳ ಸಂಚಾರಿ ಗ್ರಂಥಾಲಯವನ್ನಾಗಿ ರೂಪಿಸಿದರು. 1931ರ ಅಕ್ಟೋಬರಿನಲ್ಲಿ ಅದು ಸುತ್ತಲ ಹಳ್ಳಿಗಳಿಗೆ ಹೊರಟಿತು. ಗ್ರಂಥಾಲಯ ಸಂಘದ ಮೂಲಕ ರಂಗನಾಥನ್ನರು ಹರಡುತ್ತಿದ್ದ ವಿಚಾರಕ್ಕೆ ಆ ಗಾಡಿ ಕೈಕಾಲು ಮೂಡಿಸಿತು. ಧಾನ್ಯ ಹೊರುವ ಗಾಡಿ ಪುಸ್ತಕ ಹೊತ್ತು ಊರಬಾಗಿಲಿಗೆ ಬಂದ ದೃಶ್ಯವನ್ನು ಕಲ್ಪಿಸಿಕೊಳ್ಳಿರಿ. ಕಾದಂಬರಿಗಳ ಕಟ್ಟನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದ ನಮ್ಮ ಗಳಗನಾಥರನ್ನು ಬಲ್ಲ ಕನ್ನಡಿಗರಿಗೆ ಆ ಗಾಡಿಯ ಗಾಲಿಯ ಸದ್ದು ಅಪರಿಚಿತವೆನಿಸದು.

ಒಬ್ಬ ಉದಾರಿಯ ಗಾಡಿ ಎಷ್ಟು ಹಳ್ಳಿಗಳನ್ನು ಮುಟ್ಟೀತು? ಉದಾರಿಯು ದಣಿದರೆ ಗಾಡಿಯೂ ನಿಲ್ಲುತ್ತದೆ. ಇದನ್ನು ರಂಗನಾಥನ್ನರು ಬೇಗನೆ ಅರಿತುಕೊಂಡರು. ಕುಡಿಯುವ ನೀರು, ರಸ್ತೆ, ಶಾಲೆಗಳಂತೆ ಗ್ರಂಥಾಲಯವೂ ಶಾಸನದ ಆಧಾರದ ಮೇಲೆ ನಿಲ್ಲಬೇಕು. ಅದಕ್ಕೆ ನಿಶ್ಚಿತವಾದ ಆದಾಯವಿರಬೇಕು. 1930ರಲ್ಲಿ ಕಾಶಿಯಲ್ಲಿ ಕೂಡಿದ ಅಖಿಲ ಏಷ್ಯಾ ಶಿಕ್ಷಣ ಸಮ್ಮೇಳನದ ಮುಂದೆ ಅವರು ಮಾದರಿ ಗ್ರಂಥಾಲಯ ಶಾಸನವೊಂದನ್ನು ಇಟ್ಟರು. ಅದು ಫಲ ಕೊಡಲು ಹದಿನೆಂಟು ವರ್ಷ ಹಿಡಿಯಿತು. ಮದರಾಸು ಸಾರ್ವಜನಿಕ ಗ್ರಂಥಾಲಯ ಶಾಸನ 1948ರಲ್ಲಿ ಅಂಗೀಕಾರವಾಯಿತು. ಸ್ವತಂತ್ರ ಭಾರತದಲ್ಲಿ ಅದೇ ಮೊದಲನೆಯದು.

ಅಷ್ಟರಲ್ಲಿ ಅವರು ಮದರಾಸನ್ನು ಬಿಟ್ಟಾಗಿತ್ತು. ನಿವೃತ್ತಿಯವರೆಗೂ ಅಲ್ಲಿಯೇ ಇರಬೇಕೆಂದುಕೊಂಡಿದ್ದವರಿಗೆ ಕಡೆಯ ವರ್ಷಗಳಲ್ಲಿ ಮೇಲಿನ ಆಡಳಿತದೊಡನೆ ವಿರಸ ಬೆಳೆದು, ಸಹಿಸಲಾರದ ಹಂತ ಮುಟ್ಟಿತು. ರಾಜೀನಾಮೆ ಕೊಟ್ಟು ಹೊರಬಂದರು. ಕೆಲವು ಕಾಲ ಮನಸ್ಸು ಕುಗ್ಗಿಹೋಗಿತ್ತು. ಎರಡು ದಶಕ ಬೆವರು ಸುರಿಸಿ ಕಟ್ಟಿದ ಮನೆಯಿಂದ ಹೊರನಡೆಯುವ ನೋವು ಅನುಭವಿಸಿದವರಿಗೇ ಗೊತ್ತು. 1945ರಲ್ಲಿ ಡಾಕ್ಟರ್ ರಾಧಾಕೃಷ್ಣನ್ ಅವರ ಆಹ್ವಾನದ ಮೇಲೆ ಕಾಶಿಯ ಹಿಂದೂ ವಿಶ್ವವಿದ್ಯಾನಿಲಯಕ್ಕೆ ಹೋದರು. ಅಲ್ಲಿದ್ದ ಎರಡು ವರ್ಷಗಳಲ್ಲಿ ಒಂದು ಲಕ್ಷಕ್ಕೂ ಮಿಕ್ಕ ಗ್ರಂಥಗಳನ್ನು ತಾವೇ ಕೈಯಾರ ವರ್ಗೀಕರಿಸಿದರು. ಕುಗ್ಗಿದ ಮನಸ್ಸಿಗೆ ಅವರು ಕಂಡುಕೊಂಡ ಮದ್ದು ಅದೇ ಇರಬೇಕು. 1947ರಲ್ಲಿ ದೆಹಲಿ ವಿಶ್ವವಿದ್ಯಾನಿಲಯ ಸೇರಿ, ಗ್ರಂಥಾಲಯ ಶಾಸ್ತ್ರದ ಉನ್ನತ ಶಿಕ್ಷಣಕ್ಕೆ ತಳಹದಿ ಹಾಕಿದರು.

ಅವರು ದೆಹಲಿಯಲ್ಲಿದ್ದಾಗ, 1951ರಲ್ಲಿ, ಯುನೆಸ್ಕೊ ನೆರವಿನಿಂದ ದೆಹಲಿ ಸಾರ್ವಜನಿಕ ಗ್ರಂಥಾಲಯ ಆರಂಭವಾಯಿತು. ಪ್ರಧಾನಿ ನೆಹರೂ ಅದನ್ನು ಉದ್ಘಾಟಿಸಿದರು. ಆ ಸಂಸ್ಥೆ ರಂಗನಾಥನ್ನರ ಸೃಷ್ಟಿಯೆಂದು ಹೇಳುವುದು ಸರಿಯಾಗದು. ಆದರೆ ಅವರು ಇಪ್ಪತ್ತು ವರ್ಷಗಳಿಂದ ಹೇಳುತ್ತ ಬಂದುದು ಅಲ್ಲಿ ಕಣ್ಣಿಗೆ ಕಾಣುವ ರೂಪ ತಾಳಿತು. ಮಕ್ಕಳಿಗೆ ಪ್ರತ್ಯೇಕ ವಿಭಾಗ, ಹೊಸದಾಗಿ ಅಕ್ಷರ ಕಲಿತ ದೊಡ್ಡವರಿಗಾಗಿ ಪುಸ್ತಕಗಳು, ನಾಟಕ ಸಂಗೀತ ಚರ್ಚೆಗಳ ಗುಂಪುಗಳು, ಬಡಾವಣೆಗಳಿಗೆ ಹೋಗುವ ಪುಸ್ತಕದ ಮೋಟಾರು, ಎಲ್ಲವೂ ಒಂದೇ ಸೂರಿನಡಿ ಕೂಡಿದುವು. ಹಳೆಯ ದೆಹಲಿಯ ಗಲ್ಲಿಗಳ ಜನ ಅಲ್ಲಿಗೆ ಬಂದರು. ಬಡವರ ನಾಡಿನಲ್ಲಿ ಗ್ರಂಥಾಲಯಕ್ಕೆ ಜನ ಬರುವುದಿಲ್ಲವೆಂಬ ಮಾತಿಗೆ ಅದೊಂದು ಉತ್ತರವಾಗಿತ್ತು.

ಜೂರಿಕ್, ಉಜ್ಜಯಿನಿಗಳಲ್ಲಿ ಕೆಲಕಾಲ ಕಳೆದು ರಂಗನಾಥನ್ನರು ಕಡೆಗೆ ಬೆಂಗಳೂರಿನಲ್ಲಿ ನೆಲಸಿದರು. ಬಾಳಿನಲ್ಲಿ ಅವರದು ಅತ್ಯಂತ ಮಿತವ್ಯಯ; ಉಡುಪಿನಲ್ಲಿ, ಆಹಾರದಲ್ಲಿ ಕೇವಲ ಸರಳತೆ. ಹೀಗೆ ಕೂಡಿಸಿದ ಹಣದಲ್ಲಿ ಒಂದು ಲಕ್ಷ ರೂಪಾಯಿಗಳನ್ನು ಮದರಾಸು ವಿಶ್ವವಿದ್ಯಾನಿಲಯಕ್ಕೆ, ಪತ್ನಿ ಶಾರದಾ ಅವರ ಹೆಸರಿನಲ್ಲಿ ಗ್ರಂಥಾಲಯ ಶಾಸ್ತ್ರದ ಪೀಠವೊಂದನ್ನು ಸ್ಥಾಪಿಸಲು ಕೊಟ್ಟುಬಿಟ್ಟರು. ತಮ್ಮನ್ನು ನೋಯಿಸಿ ಕಳುಹಿಸಿದ ಸ್ಥಳಕ್ಕೇ ಅವರು ಆ ಕಾಣಿಕೆ ಸಲ್ಲಿಸಿದರೆಂಬುದನ್ನು ಗಮನಿಸಬೇಕು. 1962ರಲ್ಲಿ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ಆಶ್ರಯದಲ್ಲಿ ಬೆಂಗಳೂರಿನಲ್ಲಿ ಪ್ರಲೇಖನ ಸಂಶೋಧನ ಮತ್ತು ತರಬೇತಿ ಕೇಂದ್ರ ಅವರ ನೇತೃತ್ವದಲ್ಲಿ ಹುಟ್ಟಿತು. 1965ರಲ್ಲಿ ಅವರು ರಾಷ್ಟ್ರೀಯ ಸಂಶೋಧನ ಪ್ರಾಧ್ಯಾಪಕರಾದರು. ಗಣಿತವನ್ನೂ ಅವರು ಮರೆತಿರಲಿಲ್ಲ. 1967ರಲ್ಲಿ ಶ್ರೀನಿವಾಸ ರಾಮಾನುಜನ್ನರನ್ನು ಕುರಿತ ಅವರ ಗ್ರಂಥ ಹೊರಬಂದಿತು.

ಕನ್ನಡನಾಡು ಅವರಿಗೆ ಪಟ್ಟಿರುವ ಋಣ 1965ರ ಮೈಸೂರು ಸಾರ್ವಜನಿಕ ಗ್ರಂಥಾಲಯ ಶಾಸನದಲ್ಲಿದೆ. ಅದರ ರಚನೆಯ ಹಿಂದೆ ಅವರ ಚಿಂತನೆಯೂ ಮಾರ್ಗದರ್ಶನವೂ ಇದ್ದುವು. ಮನೆ ಕಟ್ಟಡಗಳ ತೆರಿಗೆಯೊಡನೆ ಗ್ರಂಥಾಲಯ ಕರವನ್ನು ಸಲ್ಲಿಸುವ ಕ್ರಮ ಆ ಶಾಸನದಿಂದ ಬಂದಿತು. ಎಂದಮೇಲೆ ನಮ್ಮ ಊರಿನ ಗ್ರಂಥಾಲಯ ಯಾರೋ ಮಾಡಿದ ದಾನವಲ್ಲ. ನಾವು ಹಣ ತೆತ್ತು ನಡೆಸುತ್ತಿರುವ ನಮ್ಮದೇ ಮನೆ. ಕಬ್ಬನ್ ಉದ್ಯಾನದ ಶೇಷಾದ್ರಿ ಅಯ್ಯರ್ ಸ್ಮಾರಕ ಭವನದಲ್ಲಿರುವ ಕೇಂದ್ರ ಗ್ರಂಥಾಲಯದಿಂದ ಹಿಡಿದು ಹಳ್ಳಿಯ ಒಂದು ಕೋಣೆಯ ಗ್ರಂಥಾಲಯದವರೆಗೆ ಈ ಮಾತು ಸಲ್ಲುತ್ತದೆ. ಇದನ್ನು ನನ್ನ ವಿದ್ಯಾರ್ಥಿಗಳಿಗೆ ಹೇಳಿದಾಗಲೆಲ್ಲ ಅವರು ಆಶ್ಚರ್ಯಪಡುವುದನ್ನು ಕಂಡಿದ್ದೇನೆ.

ಆ ಮನೆಯಲ್ಲಿ ಇಂದು ಏನು ನಡೆಯುತ್ತಿದೆ? ಅನೇಕ ಗ್ರಂಥಾಲಯಗಳ ವಾಚನಾಲಯಗಳು ಬೆಳಿಗ್ಗೆಯೇ ತುಂಬಿರುತ್ತವೆ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ತರುಣರು ತಮ್ಮ ಪುಸ್ತಕಗಳನ್ನು ತಾವೇ ತಂದು ಸಂಜೆಯವರೆಗೆ ಕುಳಿತಿರುತ್ತಾರೆ. ಮನೆಯಲ್ಲಿ ಓದಲು ಜಾಗವಿಲ್ಲದವರಿಗೆ ಒಂದು ಮೇಜು, ಒಂದು ದೀಪ ಸಿಕ್ಕುವುದು ಸಣ್ಣ ಉಪಕಾರವಲ್ಲ. ಅದನ್ನು ನಾನು ಹಳಿಯಲಾರೆ. ಆದರೆ ಅವರ ಬೆನ್ನ ಹಿಂದೆ ಇರುವ ಕಪಾಟು ಅವರನ್ನು ಒಮ್ಮೆಯೂ ಮಾತನಾಡಿಸಿರುವುದಿಲ್ಲ.

ನಾನು ಬಲ್ಲ ಒಂದು ಗ್ರಂಥಾಲಯದಲ್ಲಿ ವರ್ಷಕ್ಕೆ ಒಂದೆರಡು ಬಾರಿ ಪ್ರೌಢಶಾಲೆಯ ಮತ್ತು ಪದವಿಪೂರ್ವ ತರಗತಿಯ ಹುಡುಗ ಹುಡುಗಿಯರಿಗಾಗಿ ವಾಚನ ಕಮ್ಮಟ ನಡೆಯುತ್ತದೆ. ಕರೆದಾಗ ನಾನೂ ಹೋಗುವುದುಂಟು. ಅಲ್ಲಿ ನನಗೆ ಭಾಷಣದ ಕೆಲಸವಿಲ್ಲ. ಮಕ್ಕಳು ಸುತ್ತಲೂ ಕುಳಿತು ಒಬ್ಬರ ನಂತರ ಒಬ್ಬರು ಒಂದು ಕಥೆಯನ್ನು ಗಟ್ಟಿಯಾಗಿ ಓದುತ್ತಾರೆ, ಆಮೇಲೆ ಮಾತು. ಒಮ್ಮೆ ಮಾಸ್ತಿಯವರ ಒಂದು ಸಣ್ಣಕಥೆ ಓದಲು ಗೊತ್ತಾಗಿತ್ತು. ಓದುವ ಸರದಿ ಹದಿನೈದು ವರ್ಷದ ಒಬ್ಬ ಹುಡುಗನಿಗೆ ಬಂದಿತು. ಅವನು ಅಕ್ಷರ ಅಕ್ಷರಕ್ಕೂ ತಡವರಿಸಿದ; ಇಬ್ಬರು ನಕ್ಕರು. ಪಕ್ಕದಲ್ಲಿದ್ದ ಹುಡುಗಿ ತನ್ನ ಪ್ರತಿಯನ್ನು ಅವನ ಕಡೆಗೆ ಸರಿಸಿ, ಸಾಲಿನ ಕೆಳಗೆ ಬೆರಳಿಟ್ಟು ಹಿಡಿದಳು. ಅವನು ಒಂದು ಪುಟ ಮುಗಿಸಲು ಬಹಳ ಹೊತ್ತು ಹಿಡಿಯಿತು. ಆದರೆ ಕಥೆ ಮುಗಿದ ಮೇಲೆ, ಆ ಪಾತ್ರ ಹಾಗೇಕೆ ಸುಮ್ಮನಾದಳು ಎಂಬ ಪ್ರಶ್ನೆ ಎತ್ತಿದವನು ಅವನೇ. ಮುಂದಿನ ಅರ್ಧ ಗಂಟೆ ಆ ಒಂದು ಪ್ರಶ್ನೆಯ ಸುತ್ತಲೇ ಚರ್ಚೆ ನಡೆಯಿತು. ನಕ್ಕವರೂ ಅದರಲ್ಲಿ ಸೇರಿಕೊಂಡರು. ಹೊರಡುವಾಗ ಅವನು ಇಂಥ ಕಥೆಗಳು ಇನ್ನೂ ಇವೆಯೆ ಎಂದು ಕೇಳಿದ. ಬೀಗ ಹಾಕಿದ್ದ ಗಾಜಿನ ಕಪಾಟನ್ನು ತೆಗೆಯಿಸಿ ಮಾಸ್ತಿಯವರ ಒಂದು ಸಂಪುಟವನ್ನು ಅವನ ಕೈಗೆ ಕೊಟ್ಟರು. ಹಿಂದಿನ ಪುಟದ ಚೀಟಿಯಲ್ಲಿ ಕಡೆಯ ದಿನಾಂಕದ ಮುದ್ರೆ ಬಿದ್ದು ಹನ್ನೊಂದು ವರ್ಷವಾಗಿತ್ತು. ಆ ಪುಸ್ತಕ ಹನ್ನೊಂದು ವರ್ಷ ಇವನಿಗಾಗಿ ಕಾದಿತ್ತು. ಇವನೂ ತನಗೆ ತಿಳಿಯದೆ ಅದಕ್ಕಾಗಿ ಕಾದಿದ್ದ. ಇಬ್ಬರ ನಡುವೆ ಇದ್ದುದು ಒಂದು ಗಾಜು. ಎರಡನೆಯ ಸೂತ್ರಕ್ಕೂ ಮೂರನೆಯ ಸೂತ್ರಕ್ಕೂ ಇದಕ್ಕಿಂತ ಒಳ್ಳೆಯ ಭಾಷ್ಯವನ್ನು ನಾನು ಬೇರೆಲ್ಲಿಯೂ ಕಂಡಿಲ್ಲ.

ನಮ್ಮ ರಾಜ್ಯದ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ 2020ರಲ್ಲಿ ಓದುವ ಬೆಳಕು ಎಂಬ ಕಾರ್ಯಕ್ರಮ ಆರಂಭವಾಗಿ, 6ರಿಂದ 18 ವರ್ಷದ ಮಕ್ಕಳಿಗೆ ಉಚಿತವಾಗಿ ಸದಸ್ಯತ್ವ ಕೊಡುವ ಏರ್ಪಾಡಾಯಿತು. ಕಥೆ ಓದಿ ಹೇಳುವುದು, ಮಕ್ಕಳಿಂದ ಓದಿಸುವುದು ಅದರ ಅಂಗಗಳಾದುವು. ಇದು ರಂಗನಾಥನ್ನರ ದಾರಿಯೇ. ಹದಿಹರೆಯದ ಮಕ್ಕಳು ಈ ದಾರಿಯಲ್ಲಿ ಸುಲಭವಾಗಿ ತಪ್ಪಿಹೋಗುವವರು. ಚಿಕ್ಕವರ ಚಿತ್ರಪುಸ್ತಕ ಅವರಿಗೆ ನಾಚಿಕೆ ತರುತ್ತದೆ, ದೊಡ್ಡವರ ಕಪಾಟಿನ ಮುಂದೆ ನಿಲ್ಲಲು ಧೈರ್ಯ ಸಾಲದು. ಆ ವಯಸ್ಸಿನಲ್ಲಿ ಪುಸ್ತಕದ ಕೈಬಿಟ್ಟವನು ಮತ್ತೆ ಅದನ್ನು ಹಿಡಿಯುವುದು ಅಪರೂಪವೆಂಬುದನ್ನು ಅಧ್ಯಾಪಕರೆಲ್ಲರೂ ಬಲ್ಲರು. ಅವನನ್ನು ಪರೀಕ್ಷೆಯ ಹಂಗಿಲ್ಲದೆ ಓದಿಸಬಲ್ಲ ಸ್ಥಳ ಊರಿನಲ್ಲಿ ಇನ್ನೊಂದಿಲ್ಲ. ಆದರೆ ಆದೇಶ ಹೊರಡಿಸಿದ ಮಾತ್ರಕ್ಕೆ ಕಥೆ ಓದುವ ಗಂಟಲು ದೊರೆಯುವುದಿಲ್ಲ. ಅಲ್ಪ ಸಂಬಳಕ್ಕೆ ದುಡಿಯುವ ಹಳ್ಳಿಯ ಗ್ರಂಥಪಾಲಕನೂ, ಸಂಜೆ ಒಂದು ಗಂಟೆ ಬಿಡುವು ಮಾಡಿಕೊಳ್ಳುವ ಉಪಾಧ್ಯಾಯಿನಿಯೂ, ರಜೆಗೆ ಊರಿಗೆ ಬಂದ ಕಾಲೇಜು ವಿದ್ಯಾರ್ಥಿಯೂ ಆ ಗಂಟಲಾಗಬೇಕು.

ರಂಗನಾಥನ್ನರು 1972ನೆಯ ಸೆಪ್ಟೆಂಬರ್ 27ರಂದು ಬೆಂಗಳೂರಿನಲ್ಲಿ ತೀರಿಕೊಂಡರು. ಅವರ ವರ್ಗೀಕರಣ ಪದ್ಧತಿಯನ್ನು ಇಂದು ಅನುಸರಿಸುತ್ತಿರುವ ಗ್ರಂಥಾಲಯಗಳು ನಮ್ಮ ದೇಶದಲ್ಲಿಯೇ ಬಹಳವಿಲ್ಲ. ಹೆಚ್ಚಿನವು ಅಮೆರಿಕದ ಡ್ಯೂಯಿ ಪದ್ಧತಿಯನ್ನೇ ಹಿಡಿದಿವೆ. ಪದ್ಧತಿಗಳು ಬರುತ್ತವೆ, ಹೋಗುತ್ತವೆ. ಅದರಿಂದ ಅವರ ಹಿರಿಮೆ ಕುಂದುವುದಿಲ್ಲ. ಪುಸ್ತಕಗಳ ಲೆಕ್ಕವನ್ನು ಯಾರೂ ಒಪ್ಪಿಸಬಹುದು. ಅವರು 1924ರಲ್ಲಿ, ಇನ್ನೂ ಏನೂ ಕಲಿಯದಿದ್ದಾಗಲೇ, ಗ್ರಂಥಾಲಯವೊಂದರ ಬಾಗಿಲಲ್ಲಿ ನಿಂತು ಜನರೆಲ್ಲಿ ಎಂದು ಹುಡುಕಿದರು. ಜನರಿಲ್ಲದುದನ್ನು ಕಂಡು ಸಂಕಟಪಟ್ಟರು. ಶಾಸ್ತ್ರವೆಲ್ಲ ಆಮೇಲೆ ಹುಟ್ಟಿತು. ಆ ಸಂಕಟ ನಮ್ಮ ಊರಿನ ಗ್ರಂಥಾಲಯವನ್ನು ನೋಡಿದಾಗ ನಮ್ಮಲ್ಲಿಯೂ ಹುಟ್ಟಿದರೆ, ಆಗಸ್ಟ್ 12ರ ಹೂಮಾಲೆಗೆ ಅರ್ಥ ಬಂದೀತು.